ಚಳಿ ಹಿಡಿಯೋ ಮುಂಚೆ ಮಲ್ಲಿಗೆ ಗಿಡ ಬೋಳಿಸಿ

ದೀಪಾವಳಿ ಮುಗಿಯೋದೇ ತಡ, ನಮ್ಮ ಬೀದಿ ಹುಡುಗೀರೆಲ್ಲ ಗಿಡಗಳಿಗೆ ಪ್ಲಾಸ್ಟಿಕ್ ಹೊದಿಸೋಕೆ ಶುರು ಮಾಡ್ತಾರೆ. ಎಲ್ಲೋ ಹಿಮ ಬೀಳೋ ದೇಶದ ವಿಡಿಯೋ ನೋಡಿಕೊಂಡು! ನಮ್ಮ ಮೈಸೂರಲ್ಲಿ ಧನುರ್ಮಾಸದ ಬೆಳಗಿನ ಜಾವಕ್ಕೂ 16 ಡಿಗ್ರಿ ಆಸುಪಾಸು. ಅಷ್ಟು ಚಳಿಗೆ ಯಾವ ಗಿಡವೂ ಸಾಯಲ್ಲ ಕಣ್ರಮ್ಮ, ಆ ಪ್ಲಾಸ್ಟಿಕ್ ಒಳಗೆ ಉಸಿರುಕಟ್ಟಿ ಕೊಳೀತವೆ ಅಷ್ಟೆ. ಇಲ್ಲಿ ಕಾಟ ಕೊಡೋದು ಇಬ್ಬನಿ. ಅದು ಸಾಲದು ಅಂತ ನೀವು ಆಫೀಸಿಂದ ಬಂದು, ಕತ್ತಲಾದ ಮೇಲೆ ಪೈಪ್ ಹಿಡಿದು ಗಿಡದ ನೆತ್ತಿ ಮೇಲೆ ನೀರು ಸುರೀತೀರಿ. ರಾತ್ರಿಯಿಡೀ ಎಲೆ ಒದ್ದೆಯಾಗಿದ್ರೆ ಗುಲಾಬಿಗೆ ಕಪ್ಪು ಚುಕ್ಕೆ ಬರದೆ ಇನ್ನೇನು ಬರುತ್ತೆ? ಬೆಳಗ್ಗೆ ಹಾಕಿ, ಬುಡಕ್ಕೆ ಮಾತ್ರ ಹಾಕಿ, ಮಣ್ಣಿಗೆ ಬೆರಳು ಚುಚ್ಚಿ ನೋಡಿ ಹಾಕಿ.

ಸೇವಂತಿಗೆಗೆ ಕೋಲು ಕಟ್ಟೋದು, ಒಣಗಿದ ಎಲೆ ಸುಡದೆ ಬುಡಕ್ಕೆ ಹರಡೋದು ನಿಮಗೆ ಗೊತ್ತೇ ಇರುತ್ತೆ. ನಾನು ಹೇಳಬೇಕಾಗಿರೋದು ಮಲ್ಲಿಗೆ ವಿಷಯ. "ಆಂಟಿ, ನಮ್ಮನೆ ಮಲ್ಲಿಗೆ ಬರೀ ಎಲೆ ಬಿಡುತ್ತೆ" ಅಂತ ಪ್ರತಿ ಯುಗಾದಿಗೂ ಯಾರಾದ್ರೂ ಬಂದೇ ಬರ್ತಾರೆ. ಬೋಳಿಸಿದ್ರಾ ಅಂದ್ರೆ, "ಅಯ್ಯೋ, ಪಾಪ ಅನ್ನಿಸ್ತು" ಅಂತಾರೆ. ಮಲ್ಲಿಗೆ ಮೊಗ್ಗು ಕಟ್ಟೋದು ಹೊಸ ಚಿಗುರಲ್ಲಿ. ಹಳೇ ಕಡ್ಡಿ ಹಾಗೇ ಬಿಟ್ಟರೆ ಹೊಸ ಚಿಗುರು ಎಲ್ಲಿಂದ ಬರಬೇಕು?

ಸ್ವಾತಿ, ವಿಶಾಖಾ ಎರಡೂ ಮಳೆ ಮುಗೀಲಿ, ಅಂದ್ರೆ ನವೆಂಬರ್ 20 ದಾಟಲಿ. ಜಿಟಿಜಿಟಿ ಮಳೇಲಿ ಕತ್ತರಿ ಹಾಕಿದ್ರೆ ಗಾಯ ಕೊಳೆಯುತ್ತೆ. ಮೊದಲು ನೀರು ನಿಲ್ಲಿಸಿ. ಮಧ್ಯಾಹ್ನದ ಬಿಸಿಲಿಗೆ ಎಲೆ ಜೋಲುಬೀಳಬೇಕು, ಅಲ್ಲೀವರೆಗೂ ಮುಟ್ಟಬೇಡಿ. ಆಮೇಲೆ ತೆಂಗಿನ ಹಗ್ಗ ತಗೊಂಡು, ಹರಡಿಕೊಂಡ ಕೊಂಬೆಗಳನ್ನೆಲ್ಲ ಜುಟ್ಟು ಕಟ್ಟಿದ ಹಾಗೆ ಒಟ್ಟುಮಾಡಿ ಬಿಗೀರಿ. ನಮ್ಮತ್ತೆ ಹಗ್ಗ ಕಟ್ಟದೆ ಯಾರಿಗೂ ಕತ್ತರಿ ಕೊಡ್ತಿರಲಿಲ್ಲ. ಕಟ್ಟಿದ್ರೆ ಎತ್ತರ ಸಮ ಬರುತ್ತೆ, ಒಳಗಿನ ಒಣಕಡ್ಡಿಯೂ ಕಣ್ಣಿಗೆ ಬೀಳುತ್ತೆ. ಮೊಣಕಾಲೆತ್ತರ ಬಿಟ್ಟು ಮೇಲಿಂದೆಲ್ಲ ಕತ್ತರಿಸಿ. ಹಗ್ಗ ಬಿಚ್ಚಿ, ಒಂದೊಂದೇ ಕಡ್ಡಿ ಕೈಗೆ ತಗೊಳ್ಳಿ. ಹೊರಮುಖವಾಗಿರೋ ಗೆಣ್ಣು ಹುಡುಕಿ, ಅದರ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ, ನೀರು ನಿಲ್ಲಬಾರದು. ಕತ್ತರಿ ಹರಿತವಾಗಿರಲಿ, ಕಡ್ಡಿ ಜಜ್ಜಿದ್ರೆ ಮತ್ತೆ ಕೆಳಗೆ ಕತ್ತರಿಸಿ. ದಪ್ಪ ಗಾಯಕ್ಕೆಲ್ಲ ಅರಿಶಿನ ಕಲಸಿದ ಹಸಿ ಸಗಣಿ ಮೆತ್ತಿ. ಮೂಗು ಮುಚ್ಕೋಬೇಡಿ! ಕಡೆಗೆ, ಉಳಿದ ಎಲೆ ಒಂದನ್ನೂ ಬಿಡದೆ ಕೈಯಲ್ಲೇ ಕಿತ್ತುಹಾಕಿ, ಕೆಳಮುಖವಾಗಿ ಎಳೀಬೇಡಿ, ಸಿಪ್ಪೆ ಸುಲಿದು ಬರುತ್ತೆ. ಪಕ್ಕಕ್ಕೆ ಬಗ್ಗಿಸಿದ್ರೆ ಟಕ್ ಅಂತ ಬರುತ್ತೆ.

ಅತ್ತೆಯವರ ಕಾಲದಲ್ಲಿ ಹಿತ್ತಲ ತುಂಬ ಮಲ್ಲಿಗೆ. ಬೇಸಿಗೆ ಸಂಜೆ ಮೊಗ್ಗು ಬಿಡಿಸಿ, ಒದ್ದೆ ಬಾಳೆನಾರಲ್ಲಿ ಕಟ್ಟಿ ಅಕ್ಕಪಕ್ಕದ ಮನೆಗೆಲ್ಲ ಹಂಚ್ತಿದ್ರು. ಈಗ ಮೊಳ ಹೂವಿಗೆ ಮಾರ್ಕೆಟ್ಟಲ್ಲಿ ಚೌಕಾಸಿ ಮಾಡೋರ ಮನೇಲೇ ಬೋಳಿಸದ ಗಿಡ ಗೋಡೆ ಹತ್ತಿರುತ್ತೆ.

ಬೋಳಿಸಿದ ಮೇಲೆ ಬುಡದಿಂದ ಒಂದು ಗೇಣು ಬಿಟ್ಟು ಮಣ್ಣು ಕೆದಕಿ, ಕೆಲವು ದಿನ ಬಿಸಿಲು ಕಾಯಲಿ. ಕುಂಡದ ಗಿಡವಾದ್ರೆ ಮೇಲಿನ ಎರಡು ಬೆರಳು ಮಣ್ಣು ತೆಗೆದ್ರೆ ಸಾಕು. ಹೇಗೂ ಬಿಸಿಲಿಗೆ ಕಾಯ್ತಿರ್ತೀರಲ್ಲ, ಹೋದ ವರ್ಷ ಮಡಚಿಟ್ಟ ಕಂಬಳಿ, ರಜಾಯಿನೂ ತೆಗೆದು ತಂತಿಗೆ ಹಾಕಿ, ಮಗುಚಿ ಹಾಕಿ. ಮುಗ್ಗಲು ಕಂಬಳಿ ಹಾಗೇ ಹೊದ್ದು ಸೀನೋದು ಬೇಡ. ಆಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬೊಗಸೆ, ಬೇವಿನ ಹಿಂಡಿ ಒಂದು ಹಿಡಿ, ಮೇಲೆ ಕೆಂಪು ಮಣ್ಣು ಮುಚ್ಚಿ ನೀರು ಕೊಡಿ. ಬೋಳುಗಿಡ ಅಂತ ದಿನಾ ನೀರು ಹೊಯ್ದು ಕೆಸರು ಮಾಡಬೇಡಿ. ಚಿಗುರು ಬಂತು ಅಂತ ಖುಷೀಲಿ ಯೂರಿಯಾನೂ ಸುರೀಬೇಡಿ, ಮತ್ತೆ ಎಲೇನೇ ಆಗೋದು.

ತುಳಸಿ ಕದಿರು ಮಾತ್ರ ಉತ್ಥಾನ ದ್ವಾದಶಿ ಆದ ಮೇಲೆ, ಮಂಗಳವಾರ ಶುಕ್ರವಾರ ಬಿಟ್ಟು ಚಿವುಟಿ. ಒಣಗಿದ ಕದಿರನ್ನ ಉಜ್ಜಿ ಬೀಜ ಕಾಗದದಲ್ಲಿ ಕಟ್ಟಿಡಿ, ಚಳಿ ಕಳೆದ ಮೇಲೆ ಬಿತ್ತಬಹುದು.