ಊರ ಮನೆಗೆ ಬೀಗ ಹಾಕಿ ಹೊರಡುವ ಮೊದಲು

ತೀರ್ಥಹಳ್ಳಿ, ಶಿರಸಿ, ಪುತ್ತೂರು, ಸೋಮವಾರಪೇಟೆ ಕಡೆ ಎಷ್ಟೋ ಮನೆಗಳು ಈಗ ದೀಪಾವಳಿಗೆ, ಬೇಸಿಗೆ ರಜೆಗೆ ಮಾತ್ರ ಬಾಗಿಲು ತೆರೆಯುತ್ತವೆ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ಉಳಿದ ತಿಂಗಳೆಲ್ಲ ಮನೆಗೆ ಬೀಗ. ಇಂಥ ಮನೆಯನ್ನು ಕಳ್ಳರಿಂದ ಕಾಪಾಡುವುದು ಹೇಗೆ ಅಂದರೆ ಎಲ್ಲರೂ ಮೊದಲು ಹೇಳುವುದು ಸಿಸಿಟಿವಿ. ನನ್ನ ಪ್ರಕಾರ ಅದು ಕೊನೆಗೆ ಬರಬೇಕು. ಮೊದಲು ಜನ, ಆಮೇಲೆ ಬಾಗಿಲು, ಆಮೇಲೆ ಕ್ಯಾಮೆರಾ. ಬೆಂಗಳೂರಿನಲ್ಲಿ ಕೂತ ನಿಮಗೆ ಕ್ಯಾಮೆರಾ ಕಳ್ಳನನ್ನು ತೋರಿಸಬಹುದು. ಆದರೆ ಹತ್ತು ನಿಮಿಷದಲ್ಲಿ ಅಂಗಳಕ್ಕೆ ಹೋಗಿ ಟಾರ್ಚ್ ಹಾಕಿ ‘ಯಾರದು?’ ಎಂದು ಕೂಗುವವರು ಬೇಕಲ್ವಾ?

ಅಂಗಳ ಗುಡಿಸುವವರು ಯಾರು?

ಮನೆಯಲ್ಲಿ ಯಾರೂ ಇಲ್ಲ ಎಂದು ಊರಿಗೆಲ್ಲ ಸಾರುವುದು ಅಂಗಳ. ತರಗೆಲೆ ರಾಶಿ ಬಿದ್ದಿರುತ್ತದೆ. ಮೆಟ್ಟಿಲ ಮೇಲೆ ಪಾಚಿ ಕಟ್ಟಿರುತ್ತದೆ. ಬಾಗಿಲ ಸಂದಿಯಲ್ಲಿ ಎರಡು ಮೂರು ತಿಂಗಳ ಕರೆಂಟ್ ಬಿಲ್ ಸಿಕ್ಕಿಸಿಕೊಂಡಿರುತ್ತದೆ. ಹಗಲಲ್ಲಿ ಒಮ್ಮೆ ಆ ದಾರಿಯಲ್ಲಿ ಹಾದುಹೋದವರಿಗೆ ಇಷ್ಟು ಸಾಕು. ಹಗಲೂ ಉರಿಯುವ ಜಗಲಿಯ ಬಲ್ಬು ಕೂಡ ಅದೇ ಮಾತು ಹೇಳುತ್ತದೆ.

ಆದ್ದರಿಂದ ಮೊದಲ ಕೆಲಸ, ವಾರಕ್ಕೆರಡು ಸಲ ಬಂದು ಅಂಗಳ ಗುಡಿಸಿ, ಬಿಲ್ ಎತ್ತಿಟ್ಟು, ಮನೆ ಸುತ್ತ ಒಂದು ಸುತ್ತು ಹಾಕಿ ಹೋಗುವವರನ್ನು ಗೊತ್ತು ಮಾಡುವುದು. ಪಕ್ಕದ ಮನೆಯವರಾದರೆ ಒಳ್ಳೆಯದು. ‘ಸ್ವಲ್ಪ ನೋಡ್ಕೊಳ್ಳಿ’ ಎಂದು ಸುಮ್ನೆ ಹೇಳಿ ಹೊರಟುಬಿಡಬೇಡಿ. ತಿಂಗಳಿಗೆ ಇಷ್ಟು ಎಂದು ಮಾತಾಡಿ, ಸರಿಯಾಗಿ ಕೊಡಿ. ಅದು ಕೆಲಸ, ಉಪಕಾರವಲ್ಲ. ಏನು ನೋಡಬೇಕು ಎಂದೂ ಹೇಳಿ: ಹಿಂಬಾಗಿಲು, ಬಚ್ಚಲ ಕಿಟಕಿ, ಸರಿದ ಹೆಂಚು, ಬಾವಿಯ ಪಂಪ್. ಪ್ರತಿ ಸಲ ಒಂದು ಫೋಟೊ ವಾಟ್ಸ್‌ಆ್ಯಪ್‌ಗೆ ಹಾಕಲಿ. ಯಾವಾಗಲೂ ಅದೇ ದಿನ, ಅದೇ ಹೊತ್ತಿಗೆ ಬರುವುದು ಬೇಡ.

ಪಕ್ಕದವರ ದನ ನಿಮ್ಮ ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳಲಿ. ಅವರ ಅಡಿಕೆ ನಿಮ್ಮ ಅಂಗಳದಲ್ಲಿ ಒಣಗಲಿ. ಜನ ಓಡಾಡುವ ಅಂಗಳಕ್ಕಿಂತ ದೊಡ್ಡ ಕಾವಲು ನನಗೆ ಗೊತ್ತಿಲ್ಲ.

ನಿಮ್ಮ ಠಾಣೆಯ ಬೀಟ್ ಪೊಲೀಸರಿಗೂ ಹೇಳಿ. ಮನೆ ಎಲ್ಲಿದೆ, ಯಾವಾಗಿಂದ ಯಾವಾಗಿನವರೆಗೆ ಖಾಲಿ, ಕೀಲಿ ಯಾರ ಹತ್ತಿರ ಇದೆ ಎಂದು ಬರೆದುಕೊಡಿ. ಠಾಣೆಯ ನಂಬರನ್ನು ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ. ಮುಂಬೈಯಲ್ಲಿ ಕೂತು 112 ಒತ್ತಿದರೆ ಅದು ಮಹಾರಾಷ್ಟ್ರದ ಕಂಟ್ರೋಲ್ ರೂಮ್‌ಗೆ ಹೋಗುತ್ತದೆ, ನಿಮ್ಮೂರಿಗಲ್ಲ.

ಬೀಗ ಗಟ್ಟಿ, ಕೊಂಡಿ ಸಡಿಲ

ಪೇಪರ್‌ನಲ್ಲಿ ‘ಬೀಗ ಮುರಿದು ಕಳವು’ ಎಂದು ಬರುತ್ತದೆ. ಆದರೆ ಎಷ್ಟೋ ಸಲ ಮುರಿಯುವುದು ಬೀಗವಲ್ಲ, ಅದು ನೇತಾಡುವ ಕೊಂಡಿ. ಸಾವಿರಾರು ರೂಪಾಯಿಯ ಬೀಗ ತಂದು, ಹಳೇ ಮರಕ್ಕೆ ಒಂದಿಂಚಿನ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ ಕೊಂಡಿಗೆ ಸಿಕ್ಕಿಸುತ್ತೇವೆ. ಹಾರೆಯ ತುದಿ ಇಟ್ಟು ಮೀಟಿದರೆ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಬೀಗ ಮುಚ್ಚಿದ ಹಾಗೇ ನೆಲಕ್ಕೆ ಬೀಳುತ್ತದೆ.

ಊರಿನ ಬಡಗಿಯನ್ನು ಕರೆಸಿ ಕೊಂಡಿಯನ್ನು ಬದಲಿಸಿ. ಸ್ಕ್ರೂ ಬದಲು ಬಾಗಿಲನ್ನು ದಾಟಿ ಒಳಗೆ ಬರುವ ಬೋಲ್ಟ್ ಇರಲಿ. ಒಳಗಡೆ ಅಗಲ ವಾಷರ್, ನಟ್ಟು. ಹೊರಗಿನ ತಲೆ ನುಣುಪಾಗಿ ಗುಂಡಗಿರಬೇಕು, ಸ್ಪ್ಯಾನರ್ ಹಿಡಿಯಬಾರದು. ಬಾಗಿಲ ಚೌಕಟ್ಟಿನ ಬುಡವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಮಲೆನಾಡಿನ ತೇವಕ್ಕೆ ಗೆದ್ದಲು ಹಿಡಿದಿದ್ದರೆ ತುದಿ ಸಲೀಸಾಗಿ ಒಳಗಿಳಿಯುತ್ತದೆ. ಅಂಥ ಚೌಕಟ್ಟಿಗೆ ಯಾವ ಬೀಗ ಹಾಕಿದರೂ ದಂಡ. ಬಿಜಾಗರಿ ಹೊರಗಡೆ ಇದ್ದರೆ ಅದರ ಪಿನ್ ತಟ್ಟಿ ತೆಗೆಯಬಹುದು ಎಂಬುದನ್ನೂ ಬಡಗಿಗೆ ತೋರಿಸಿ.

ಹಳೇ ಮನೆಗಳ ದೊಡ್ಡ ಆಸ್ತಿ ಅಂದರೆ ಅಗಳಿ. ಗೋಡೆಯಿಂದ ಗೋಡೆಗೆ ಹೋಗುವ ಆ ಮರದ ಅಡ್ಡಪಟ್ಟಿಯನ್ನು ಹೊರಗಿನಿಂದ ಮೀಟಲು ಜಾಗವೇ ಇರುವುದಿಲ್ಲ. ಎಲ್ಲ ಬಾಗಿಲಿಗೂ ಒಳಗಿನಿಂದ ಅಗಳಿ ಹಾಕಿ, ಒಂದೇ ಬಾಗಿಲಿನಿಂದ ಹೊರಗೆ ಬನ್ನಿ. ಆ ಒಂದು ಬಾಗಿಲು ರಸ್ತೆಗೋ ಪಕ್ಕದ ಮನೆಗೋ ಕಾಣುವಂತಿರಲಿ. ಹಿತ್ತಲ ಬಾಗಿಲಿನಿಂದ ಹೊರಟರೆ ಕಳ್ಳನಿಗೂ ಅದೇ ದಾರಿ, ಅದೂ ಯಾರ ಕಣ್ಣಿಗೂ ಬೀಳದ ದಾರಿ. ಹೊರಗೆ ನೇತಾಡುವ ಬೀಗದ ಬದಲು ಬಾಗಿಲೊಳಗೇ ಕೂರುವ ಬೀಗ ಹಾಕಿಸಿದರೆ, ದೂರದಿಂದ ನೋಡಿದವರಿಗೆ ಒಳಗೆ ಜನ ಇದ್ದಾರೋ ಇಲ್ಲವೋ ತಿಳಿಯುವುದಿಲ್ಲ.

ಹೆಂಚಿನ ಮನೆಗೆ ಇನ್ನೊಂದು ಬಾಗಿಲಿದೆ, ಅದು ಮೇಲಿನ ಮಾಡು. ಮಂಗಳೂರು ಹೆಂಚನ್ನು ಸದ್ದಿಲ್ಲದೆ ಎತ್ತಿ ಪಕ್ಕಕ್ಕಿಡಬಹುದು. ನಾಲ್ಕೈದು ಸರಿಸಿ ರೀಪು ಮುರಿದರೆ ಒಬ್ಬ ಇಳಿಯುವಷ್ಟು ಜಾಗ. ಹೆಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಇರುವ ಮನೆಯಾದರೆ ಅಟ್ಟದಿಂದ ಕೆಳಗಿಳಿಯುವ ಬಾಗಿಲಿಗೆ ಕೆಳಗಿನಿಂದ ಚಿಲಕ ಹಾಕಿ. ಮುಚ್ಚಿಗೆ ಇಲ್ಲದಿದ್ದರೆ ಇಡೀ ಮನೆಗೆ ಖರ್ಚು ಮಾಡುವುದು ಬೇಡ, ಸಾಮಾನು ಇಡುವ ಒಂದು ಕೋಣೆಗೆ ಹೆಂಚಿನಡಿ ಕಬ್ಬಿಣದ ಗ್ರಿಲ್ ಕೂರಿಸಿ. ಏಣಿ, ಹಾರೆ, ಗುದ್ದಲಿ, ಕತ್ತಿ ಕೊಟ್ಟಿಗೆಯಲ್ಲಿ ಬಿಟ್ಟುಹೋಗಬೇಡಿ. ನಮ್ಮ ಮನೆ ಒಡೆಯಲು ನಾವೇ ಸಾಮಾನು ಜೋಡಿಸಿಟ್ಟ ಹಾಗಾಗುತ್ತದೆ.

ಕಿಟಕಿಗೆ ಮರದ ಸರಳಿದ್ದರೆ ಒಳಗಡೆಯಿಂದ ಕಬ್ಬಿಣದ ಸರಳು ಸೇರಿಸಿ. ಬಚ್ಚಲಿನ ಗಾಜಿನ ಪಟ್ಟಿಗಳ ವೆಂಟಿಲೇಟರ್‌ಗೆ ಗ್ರಿಲ್ ಬೇಕೇ ಬೇಕು.

ಒಳಗೆ ಏನಿರಬಾರದು

ಚಿನ್ನ, ದೇವರ ಕೋಣೆಯ ಬೆಳ್ಳಿ, ಜಮೀನಿನ ಪತ್ರ ಯಾವುದೂ ಖಾಲಿ ಮನೆಯಲ್ಲಿ ಬೇಡ. ಬ್ಯಾಂಕ್ ಲಾಕರ್‌ಗೆ ಹಾಕಿ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಬ್ಯಾಂಕಿನಲ್ಲಿ ಕಳ್ಳತನ, ಬೆಂಕಿಯಂಥದ್ದು ಆಗಿ ಲಾಕರ್‌ನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಇರುತ್ತದೆ. ತಾಮ್ರದ ಹಂಡೆ, ಹಿತ್ತಾಳೆ ಕೊಪ್ಪರಿಗೆಗಳನ್ನು ಮರೆಯಬೇಡಿ. ಅವು ಗುಜರಿಗೆ ಹೋದರೆ ಕರಗಿಯೇ ಹೋಗುತ್ತವೆ, ಅಜ್ಜಿಯ ಹೆಸರು ಕೆತ್ತಿದ ಪಾತ್ರೆ ಮತ್ತೆ ಸಿಗುವುದಿಲ್ಲ. ಹತ್ತಿರದ ನೆಂಟರ ಮನೆಯಲ್ಲಿಡಿ, ಅವರು ಬಳಸಲಿ. ಅಡಿಕೆ, ಕಾಳುಮೆಣಸಿನ ಮೂಟೆ ಒಳಗಿಟ್ಟು ಬೀಗ ಹಾಕಬೇಡಿ. ಮಾರಿ, ಇಲ್ಲವೇ ಸೊಸೈಟಿಯ ಗೋದಾಮಿಗೆ ಹಾಕಿ.

ಉಳಿದ ಸಾಮಾನಿನ ಫೋಟೊ ತೆಗೆಯಿರಿ. ಟಿವಿ, ಪಂಪ್, ಇನ್ವರ್ಟರ್‌ನ ಸೀರಿಯಲ್ ನಂಬರ್ ಕಾಣುವಂತಿರಲಿ.

ಈಗ ಕ್ಯಾಮೆರಾ

ಹಾಕುವುದಾದರೆ ನಮ್ಮ ಮಳೆಗೆ ತಕ್ಕಂತೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುತ್ತದೆ, ಅದರ ಜೊತೆ ವೈಫೈ ಕೂಡ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ರೂಟರ್ ಸುಡುತ್ತದೆ. ಆದ್ದರಿಂದ ಸಿಮ್ ಹಾಕುವ ಸೋಲಾರ್ 4ಜಿ ಕ್ಯಾಮೆರಾ ಇಲ್ಲಿಗೆ ಹೊಂದುತ್ತದೆ. ಕೊಳ್ಳುವ ಮೊದಲು ಅಂಗಳದಲ್ಲಿ ನಿಂತು ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ನೋಡಿ. ತೋಟದ ನೆರಳಿನಲ್ಲಿ ಪ್ಯಾನೆಲ್ ಚಾರ್ಜ್ ಆಗುವುದಿಲ್ಲ, ಬಿಸಿಲು ಬೀಳುವ ಕಡೆ ಇಡಿ. ರೆಕಾರ್ಡಿಂಗ್ ಕ್ಲೌಡ್‌ಗೆ ಹೋಗಲಿ, ಏಕೆಂದರೆ ರೆಕಾರ್ಡಿಂಗ್ ಉಳಿಸಿಡುವ ಡಿವಿಆರ್ ಪೆಟ್ಟಿಗೆಯನ್ನೂ ಕಳ್ಳರು ಹೊತ್ತೊಯ್ಯುತ್ತಾರೆ. ಜನ ಬಂದರೆ ತಾನೇ ಹೊತ್ತಿಕೊಳ್ಳುವ ಸೆನ್ಸರ್ ದೀಪ ಹಿತ್ತಲಿಗೆ ಒಂದಿರಲಿ. ಅಲರ್ಟ್ ನಿಮ್ಮ ಫೋನಿಗೆ ಮಾತ್ರವಲ್ಲ, ಪಕ್ಕದ ಮನೆಯವರ ಫೋನಿಗೂ ಹೋಗಬೇಕು.

ಗೇಟಿಗೆ, ಬೇಲಿಗೆ ಲೈನಿನಿಂದ ನೇರ ಕರೆಂಟ್ ಕೊಡುವ ಯೋಚನೆಯನ್ನು ಮಾತ್ರ ಯಾರೂ ಮಾಡಬೇಡಿ. ದನ ಹುಡುಕಿಕೊಂಡು ಬಂದ ಹುಡುಗ ಸಾಯುತ್ತಾನೆ. ಅದು ಅಪರಾಧವೂ ಹೌದು.

ವಿಮೆ, ದೂರು

2021ರಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿ ಇದ್ದರೆ ಕಳ್ಳತನಕ್ಕೂ ದುಡ್ಡು ಬರುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಬೆಂಕಿ, ನೆರೆ, ಗುಡ್ಡ ಕುಸಿತದಂಥ ಅವಘಡದಿಂದಾಗಿ, ಅದಾದ 7 ದಿನದೊಳಗೆ ನಡೆದ ಕಳ್ಳತನಕ್ಕೆ ಮಾತ್ರ ಅದು ಸಿಗುತ್ತದೆ. ಮಾಮೂಲಿ ಮನೆಗಳವಿಗೆ ಬೇರೆ ವಿಮೆ ಬೇಕು. ಅದನ್ನು ಮಾಡಿಸುವಾಗ ಮನೆ ಹೆಚ್ಚು ಕಾಲ ಖಾಲಿ ಇರುತ್ತದೆ ಎಂದು ಬರವಣಿಗೆಯಲ್ಲೇ ತಿಳಿಸಿ. ಎಷ್ಟೋ ಪಾಲಿಸಿಗಳಲ್ಲಿ 30 ದಿನಕ್ಕಿಂತ ಜಾಸ್ತಿ ಮನೆ ಖಾಲಿಯಿದ್ದರೆ ವಿಮೆ ನಿಂತುಹೋಗುವ ಷರತ್ತು ಇರುತ್ತದೆ.

ಕಳ್ಳತನ ಆಗಿಯೇ ಹೋದರೆ ಯಾರೂ ಒಳಗೆ ಹೋಗಿ ಚೆಲ್ಲಿದ ಸಾಮಾನು ಎತ್ತಿಡಬಾರದು. ಬೆರಳಚ್ಚು ಅಳಿಸಿಹೋಗುತ್ತದೆ. ದೂರು ಕೊಡಲು ಮರುದಿನವೇ ಬಸ್ ಹತ್ತಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ನೀವಿರುವ ಊರಿನ ಠಾಣೆಯಲ್ಲೇ ಕೊಡಬಹುದು. ಆನ್‌ಲೈನ್‌ನಲ್ಲಿ ಕಳಿಸಿದರೆ 3 ದಿನದೊಳಗೆ ನೀವು ಆ ದೂರಿಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡುತ್ತಾರೆ. ಕೇಳಿ ಪಡೆಯಿರಿ, ವಿಮಾ ಕಂಪನಿ ಮೊದಲು ಕೇಳುವುದೇ ಅದನ್ನು.