ಸಿಎನ್‌ಸಿಯಲ್ಲಿ ಮುಖ ಕೆತ್ತಲು ಯಾವ ಮರ, ಯಾವ ಬಿಟ್

ಸಿಎನ್‌ಸಿ ಎಂದರೆ ಕಂಪ್ಯೂಟರ್ ನಡೆಸುವ ಕೆತ್ತನೆ ಮೆಷಿನ್, ಬಿಟ್ ಎಂದರೆ ಅದರಲ್ಲಿ ತಿರುಗಿ ಮರ ಕೊರೆಯುವ ಅಲಗು. ಮೈಸೂರಿನಲ್ಲಿ ಭಾವಚಿತ್ರ ಕೆತ್ತಿಸಲು ಬರುವವರು ಹೆಚ್ಚಾಗಿ ತರುವುದು ನಾಲ್ವಡಿ ಕೃಷ್ಣರಾಜ ಒಡೆಯರ್, ಕುವೆಂಪು, ಅಂಬೇಡ್ಕರ್ ಚಿತ್ರಗಳನ್ನು, ಇಲ್ಲವೇ ಮನೆಯ ಹಿರಿಯರ ಫೋಟೊವನ್ನು. ಜೊತೆಗೆ ಬರುವ ಮಾತು ಒಂದೇ: "ಬೀಟೆಯಲ್ಲೇ ಮಾಡಿಕೊಡಿ ಸಾರ್." ಬೀಟೆ ಒಳ್ಳೆಯ ಮರ, ಆದರೆ ಮುಖಕ್ಕಲ್ಲ. ರಿಲೀಫ್ ಕೆತ್ತನೆಯಲ್ಲಿ, ಅಂದರೆ ಆಕೃತಿ ಹಲಗೆಯಿಂದ ಉಬ್ಬಿ ನಿಲ್ಲುವ ಕೆತ್ತನೆಯಲ್ಲಿ, ಬಣ್ಣವೇ ಇರುವುದಿಲ್ಲ. ಮೂಗು, ಕಣ್ಣು, ತುಟಿ ಎಲ್ಲ ಕಾಣುವುದು ಬೆಳಕು ಬಿದ್ದಾಗಿನ ನೆರಳಿನಿಂದ. ಬೀಟೆಯ ಕಪ್ಪು ಗೀರುಗಳು ಕೆನ್ನೆಯ ಮೇಲೆ ಹಾದುಹೋದರೆ ನೆರಳು ಯಾವುದು, ಮರದ ಎಳೆ ಯಾವುದು ಎಂದು ಗೊತ್ತಾಗುವುದಿಲ್ಲ. ನಮ್ಮೂರಿನ ಹಳೆಯ ಇನ್‌ಲೇ ಕೆಲಸವನ್ನೇ ನೋಡಿ: ಹಿನ್ನೆಲೆ ಬೀಟೆ, ಅದರೊಳಗೆ ಕೂರಿಸಿದ ಆಕೃತಿ ಹಿಂದೆ ದಂತ, ಈಗ ತಿಳಿ ಬಣ್ಣದ ಬೇರೆ ಮರ. ನಾನು ಬೀಟೆಯನ್ನು ಚೌಕಟ್ಟಿಗೂ ಹೆಸರಿನ ಪಟ್ಟಿಗೂ ಮಾತ್ರ ಇಟ್ಟುಕೊಂಡಿದ್ದೇನೆ. ಹೊರದೇಶಕ್ಕೆ ಕಳಿಸುವುದಿದ್ದರೆ ಇನ್ನೊಂದು ತೊಡಕಿದೆ: 2017ರಿಂದ ಡಾಲ್ಬರ್ಜಿಯಾ ಕುಲದ ಬಹುತೇಕ ಎಲ್ಲ ಮರಗಳೂ ಸೈಟಿಸ್‌ನ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿವೆ, ಬೀಟೆಯೂ ಅದರಲ್ಲೇ ಬರುತ್ತದೆ. ಕಾಗದಪತ್ರ ನೋಡಿಕೊಂಡೇ ಒಪ್ಪಿಕೊಳ್ಳಬೇಕು.

ಮುಖಕ್ಕೆ ನನ್ನ ಮೊದಲ ಆಯ್ಕೆ ಶಿವನೆ. ಒಣಹುಲ್ಲಿನ ತಿಳಿ ಬಣ್ಣ, ಎಳೆಗಳ ನಡುವೆ ಬಣ್ಣದ ವ್ಯತ್ಯಾಸ ಕಡಿಮೆ, ಒಣಗಿದ ಮೇಲೆ ಹೆಚ್ಚು ಬಾಗುವುದಿಲ್ಲ, ಬಿಟ್‌ಗೂ ಹಗುರ. ಅದರ ದೋಷ ಒಂದೇ: ಬಿಟ್ ಮೊಂಡಾದರೆ ನಾರು ಕತ್ತರಿಸುವ ಬದಲು ಮಲಗಿ, ಮೇಲೆಲ್ಲ ರೋಮ ಎದ್ದಂತೆ ಕಾಣುತ್ತದೆ. ಎರಡನೆಯದು ಹಾಲೆ ಮರ, ಚನ್ನಪಟ್ಟಣದವರು ಗೊಂಬೆಗೆ ಬಳಸುವುದು. ಬಿಳಿ, ನುಣುಪು, ಕಣ್ಣಿನ ರೆಪ್ಪೆಯಂಥ ಸಣ್ಣ ಗೆರೆಯೂ ಚೂಪಾಗಿ ನಿಲ್ಲುತ್ತದೆ. ಆದರೆ ಮರ ಸಣ್ಣದು, ಅಗಲದ ಹಲಗೆ ಸಿಗದು, ಅಂಟಿಸಲೇಬೇಕು. ಮಹಾಗನಿಯನ್ನೂ ಬಳಸಬಹುದು, ಎಳೆ ತಿರುಚಿಕೊಂಡ ತುಂಡಾದರೆ ಒಂದು ಪಟ್ಟಿ ನುಣುಪು, ಪಕ್ಕದ ಪಟ್ಟಿ ಒರಟಾಗಿ ಬರುತ್ತದೆ. ಹಲಸು, ಬೇವುಗಳಿಗೂ ಇದೇ ಕಾಯಿಲೆ. ಸಿಲ್ವರ್ ಓಕ್ ಅಗ್ಗ ಎಂದು ತರಬೇಡಿ. ಅದರ ಅಗಲವಾದ ಕಿರಣಗಳು (ಮರದ ನಡುವಿನಿಂದ ತೊಗಟೆಯ ಕಡೆಗೆ ಹೋಗುವ ಪಟ್ಟಿಗಳು) ಹೊಳೆಯುವ ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಟೇಬಲ್‌ಗೆ ಅದು ಚೆಂದ, ಹಣೆಗೆ ಸಿಡುಬು.

ತೇಗದ ಮಾತು ಬೇರೆ. ಒಂದೊಂದು ಉಂಗುರದ ಶುರುವಿನಲ್ಲೂ ದೊಡ್ಡ ರಂಧ್ರಗಳ ಸಾಲು ಇರುತ್ತದೆ. ಆರು ಇಂಚಿನ ಮುಖದಲ್ಲಿ ಆ ಸಾಲುಗಳು ಸುಕ್ಕಿನಂತೆ ಕಾಣುತ್ತವೆ. ಎರಡು ಅಡಿಯ ಚಿತ್ರದಲ್ಲಿ ದೂರದಿಂದ ನೋಡುವಾಗ ಕರಗಿಹೋಗುತ್ತವೆ. ಹಾಗಾಗಿ ತೇಗ ದೊಡ್ಡ ಅಳತೆಗೆ ಸರಿ. ಅದರಲ್ಲಿ ಸಿಲಿಕಾ ಇರುವುದರಿಂದ ಬಿಟ್‌ನ ಅಂಚು ಬೇಗ ಸವೆಯುತ್ತದೆ, ಹೈಸ್ಪೀಡ್ ಸ್ಟೀಲ್ ಬಿಟ್ ಹಾಕುವುದೇ ಬೇಡ, ಕಾರ್ಬೈಡ್ ಹಾಕಿ. ಹಳೇ ಮನೆ ಬಿಚ್ಚಿದಾಗ ಸಿಗುವ ತೊಲೆ, ಬಾಗಿಲವಾಡಗಳ ತೇಗ ಚೆನ್ನಾಗಿ ಆರಿರುತ್ತದೆ, ಅಗ್ಗವೂ ಹೌದು. ಆದರೆ ಒಳಗೆ ಮುರಿದ ಮೊಳೆ ಇರುತ್ತದೆ. ಅಯಸ್ಕಾಂತ ಆಡಿಸಿ, ಪ್ಲೇನ್ ಹೊಡೆಸಿ, ಮತ್ತೊಮ್ಮೆ ಅಯಸ್ಕಾಂತ ಆಡಿಸಿಯೇ ಮೆಷಿನ್‌ಗೆ ಹತ್ತಿಸಬೇಕು.

ಸಾ ಮಿಲ್‌ನಲ್ಲಿ ಹಲಗೆಯ ಅಗಲ ಮುಖ ನೋಡಿ ಒಪ್ಪಬೇಡಿ, ತುದಿ ನೋಡಿ. ತುದಿಯಲ್ಲಿ ಉಂಗುರಗಳು ಹಲಗೆಯ ಮುಖಕ್ಕೆ ಹೆಚ್ಚುಕಡಿಮೆ ಲಂಬವಾಗಿ ನಿಂತಿದ್ದರೆ ಅದು ಬಾಗುವುದು ಕಡಿಮೆ, ಎಳೆಯೂ ನೇರ. ಬಿಲ್ಲಿನಂತೆ ಬಾಗಿದ್ದರೆ ಮಳೆಗಾಲದಲ್ಲಿ ಹಲಗೆ ದೋಣಿಯಾಗುತ್ತದೆ. ತೇವದ ಮೀಟರ್‌ನಲ್ಲಿ 8ರಿಂದ 12 ಶೇಕಡಾ ಬಂದರೆ ಕೆಲಸಕ್ಕೆ ಸರಿ. 15 ದಾಟಿದರೆ ಹಲಗೆಗಳ ನಡುವೆ ಮರದ ಪಟ್ಟಿ ಕೊಟ್ಟು, ಗಾಳಿ ಆಡುವಂತೆ ಪೇರಿಸಿಟ್ಟು ಕಾಯಬೇಕು. ಚೇಗಿನ ಭಾಗವನ್ನೇ ತೆಗೆದುಕೊಳ್ಳಿ. ಹೊರಗಿನ ಬಿಳಿ ಭಾಗ ಕೆನ್ನೆಗೆ ಬಂದರೆ ಪಾಲಿಶ್ ಆದಮೇಲೆ ಕಲೆಯಾಗಿ ಎದ್ದು ಕಾಣುತ್ತದೆ, ಹುಳವೂ ಮೊದಲು ಹಿಡಿಯುವುದು ಅಲ್ಲೇ.

12 ಇಂಚು ಅಗಲಕ್ಕೆ ಒಂದೇ ಹಲಗೆ ಹುಡುಕುವುದಕ್ಕಿಂತ ಮೂರ್ನಾಲ್ಕು ಇಂಚಿನ ಪಟ್ಟಿಗಳನ್ನು ಅಂಟಿಸುವುದು ಮೇಲು. ಜೋಡಣೆಯ ಗೆರೆ ಎಲ್ಲಿ ಬರುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಮೂಗಿನ ಮಧ್ಯಕ್ಕೋ ಕಣ್ಣಿನ ಮೇಲೋ ಬಂದರೆ ಕೆಲಸ ಕೆಟ್ಟಂತೆ. ಕಿವಿಯ ಮುಂದೆ ಅಥವಾ ಕೂದಲಿನ ಅಂಚಿಗೆ ಬರುವಂತೆ ಪಟ್ಟಿಗಳನ್ನು ಸರಿಸಿ. ಎಳೆ ಯಾವಾಗಲೂ ಗಲ್ಲದಿಂದ ಹಣೆಗೆ, ಅಡ್ಡಕ್ಕಲ್ಲ. ಪಿವಿಎ ಅಂಟು ಹಾಕಿ 24 ಗಂಟೆ ಕ್ಲಾಂಪ್‌ನಲ್ಲಿ ಬಿಡುತ್ತೇನೆ.

ಇನ್ನು ಬಿಟ್. ಅಂಗಡಿಯಲ್ಲಿ "ಆರ್ 0.5" ಎಂದರೆ ತುದಿಯ ತ್ರಿಜ್ಯ 0.5 ಮಿ.ಮೀ., ಅಂದರೆ ವ್ಯಾಸ 1 ಮಿ.ಮೀ. ವ್ಯಾಸವೇ 0.5 ಎಂದುಕೊಂಡು ಸಾಫ್ಟ್‌ವೇರ್‌ನಲ್ಲಿ ಹಾಕಿದರೆ ಲೆಕ್ಕವೆಲ್ಲ ಅಡಿಮೇಲು. ಬಿಟ್ ಆರಿಸುವುದಕ್ಕೆ ನಾನು ನೋಡುವುದು ಚಿತ್ರದ ಅತಿ ಸಣ್ಣ ತಗ್ಗು ಎಷ್ಟು ಅಗಲ ಎಂದು. 300×400 ಮಿ.ಮೀ. ಚಿತ್ರದಲ್ಲಿ ಮುಖದ ಅಗಲ ಸುಮಾರು 150 ಇದ್ದರೆ ಒಂದು ಕಣ್ಣು 30, ರೆಪ್ಪೆಯ ಮಡಿಕೆ ಒಂದೂವರೆ ಮಿ.ಮೀ. ಅದರೊಳಗೆ ಆರ್ 0.5 ಇಳಿಯುತ್ತದೆ, ಆರ್ 1 ಇಳಿಯುವುದಿಲ್ಲ. ಅದೇ ಚಿತ್ರ ಅರ್ಧ ಅಳತೆಗೆ ಬಂದರೆ ಆರ್ 0.25 ಬೇಕು. ಒಡೆಯರ್ ಚಿತ್ರವಾದರೆ ಕಣ್ಣಿಗಿಂತ ಮೈಸೂರು ಪೇಟದ ನೆರಿಗೆಗಳೇ ಬಿಟ್ ತೀರ್ಮಾನಿಸುತ್ತವೆ. ಅಂಬೇಡ್ಕರ್ ಚಿತ್ರದಲ್ಲಿ ಕನ್ನಡಕದ ಫ್ರೇಮ್: ಎಳೆಗೆ ಅಡ್ಡವಾಗಿ ನಿಲ್ಲುವ ಆ ದಿಬ್ಬ 2 ಮಿ.ಮೀ.ಗಿಂತ ತೆಳ್ಳಗಿದ್ದರೆ ಉಪ್ಪುಕಾಗದ ಹಾಕುವಾಗಲೇ ಚಕ್ಕೆ ಏಳುತ್ತದೆ. ಫ್ರೇಮ್ ಅನ್ನು ಕಂಪ್ಯೂಟರ್ ಮಾಡೆಲ್‌ನಲ್ಲೇ ದಪ್ಪ ಮಾಡಿ, ಬುಡ ಅಗಲವಾಗಿಸಿ.

ಫಿನಿಶಿಂಗ್‌ಗೆ (ಕೊನೆಯ ನಯದ ಸುತ್ತಿಗೆ) ನೇರ ಬಾಲ್‌ನೋಸ್ (ಗುಂಡು ತುದಿಯ ಬಿಟ್) ಬೇಡ, ತುದಿಗೆ ಬರುತ್ತ ಸಣ್ಣದಾಗುವ ಟೇಪರ್ ಬಾಲ್‌ನೋಸ್ ಹಾಕಿ. 1 ಮಿ.ಮೀ. ತುದಿ, 6 ಮಿ.ಮೀ. ಶ್ಯಾಂಕ್ (ಮೆಷಿನ್ ಹಿಡಿಯುವ ಬುಡ), 30 ಮಿ.ಮೀ. ಕತ್ತರಿಸುವ ಉದ್ದ ಇರುವ ಬಿಟ್‌ನ ಇಳಿಜಾರು ಒಂದೊಂದು ಪಕ್ಕಕ್ಕೆ ಸುಮಾರು 5 ಡಿಗ್ರಿ. ಹಾಗಾಗಿ ಮಾಡೆಲ್‌ನಲ್ಲಿ ಯಾವ ಗೋಡೆಯೂ ಅದಕ್ಕಿಂತ ಕಡಿದಾಗಿರಬಾರದು, ಇದ್ದರೆ ಬಿಟ್‌ನ ಪಕ್ಕೆ ಉಜ್ಜಿ ಮರ ಕಪ್ಪಾಗುತ್ತದೆ.

ಸ್ಟೆಪ್‌ಓವರ್, ಅಂದರೆ ಬಿಟ್ ಓಡುವ ಪಕ್ಕಪಕ್ಕದ ಎರಡು ಸಾಲುಗಳ ನಡುವಿನ ಅಂತರ, ತುದಿಯ ವ್ಯಾಸದ ಹತ್ತನೇ ಒಂದು ಭಾಗ. ಎರಡು ಸಾಲಿನ ನಡುವೆ ಉಳಿಯುವ ಏಣಿನ ಎತ್ತರ ಸ್ಟೆಪ್‌ಓವರ್‌ನ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದಷ್ಟು: ಆರ್ 0.5ಕ್ಕೆ 0.1 ಇಟ್ಟರೆ 0.0025 ಮಿ.ಮೀ., 0.2 ಇಟ್ಟರೆ 0.01. ಎರಡನೆಯದನ್ನು ಉಪ್ಪುಕಾಗದದಿಂದ ತೆಗೆಯಬಹುದು, ಆದರೆ ತೆಗೆಯುವಾಗ ರೆಪ್ಪೆಯೂ ಹೋಗುತ್ತದೆ. ಇನ್ನು ಸಮಯದ ಲೆಕ್ಕ. 300×400ರಲ್ಲಿ 0.1 ಇಟ್ಟರೆ ಬಿಟ್ ಓಡಬೇಕಾದ ದೂರ 12 ಲಕ್ಷ ಮಿ.ಮೀ.; ನಿಮಿಷಕ್ಕೆ 2000ದಂತೆ 10 ಗಂಟೆ, ಝಡ್ ಏರಿಳಿತ (ಬಿಟ್ ಮೇಲೆ ಕೆಳಗೆ ಆಡುವುದು) ಸೇರಿದರೆ ಇನ್ನೂ ಹೆಚ್ಚು. ಅದಕ್ಕೇ ನಾನು ಮುಖದ ಸುತ್ತ ಗಡಿ ಹಾಕಿ ಒಳಗೆ ಮಾತ್ರ 0.1 ಇಡುತ್ತೇನೆ, ಹಿನ್ನೆಲೆಗೆ ಆರ್ 1 ಬಿಟ್‌ನಲ್ಲಿ 0.25 ಸಾಕು. ಸಾಲುಗಳು ಎಳೆಯ ದಿಕ್ಕಿಗೇ ಓಡಬೇಕು. ಅಡ್ಡ ಓಡಿಸಿದರೆ ಪ್ರತಿ ಸಾಲೂ ಗೀಚಿದ ಹಾಗೆ ಕಾಣುತ್ತದೆ.

ಸಣ್ಣ ಬಿಟ್ ಮುರಿಯುವುದು ಹೆಚ್ಚಾಗಿ ಫಿನಿಶಿಂಗ್‌ನ ತಪ್ಪಿನಿಂದಲ್ಲ, ರಫಿಂಗ್‌ನ (ಮೊದಲು ಮರವನ್ನು ಒರಟಾಗಿ ತೆಗೆಯುವ ಸುತ್ತಿನ) ಸೋಮಾರಿತನದಿಂದ. 6 ಮಿ.ಮೀ. ಫ್ಲ್ಯಾಟ್ ಎಂಡ್‌ಮಿಲ್‌ನಲ್ಲಿ (ಚಪ್ಪಟೆ ತುದಿಯ ಬಿಟ್) ಒಂದು ಸಲಕ್ಕೆ 3 ಮಿ.ಮೀ. ಆಳ ಇಳಿಸಿದರೆ ಕೆನ್ನೆಯ ಇಳಿಜಾರಿನಲ್ಲಿ 3 ಮಿ.ಮೀ. ಮೆಟ್ಟಿಲುಗಳು ಉಳಿಯುತ್ತವೆ. 1 ಮಿ.ಮೀ. ತುದಿ ಆ ಮೆಟ್ಟಿಲಿಗೆ ಹೋಗಿ ಗುದ್ದುತ್ತದೆ. ಶಿವನೆಯಲ್ಲಿ ತಡೆದುಕೊಳ್ಳಬಹುದು, ತೇಗದಲ್ಲಿ ಟಪ್ ಎನ್ನುತ್ತದೆ. ಗಟ್ಟಿ ಮರಕ್ಕೆ ಆಳ 2 ಮಿ.ಮೀ.ಗೆ ಇಳಿಸಿ, 0.5 ಮಿ.ಮೀ. ಮರ ಉಳಿಸಿ, ಮಧ್ಯೆ 3 ಮಿ.ಮೀ. ಬಾಲ್‌ನೋಸ್‌ನಲ್ಲಿ 0.5 ಸ್ಟೆಪ್‌ಓವರ್‌ನ ಇನ್ನೊಂದು ಸುತ್ತು ಹಾಕಿ. ರಫಿಂಗ್‌ಗೆ ಎರಡು ಅಂಚಿನ ಬಿಟ್, 18,000 ಆರ್‌ಪಿಎಂ, ನಿಮಿಷಕ್ಕೆ 3000 ಮಿ.ಮೀ.; ಅಂದರೆ ಒಂದೊಂದು ಅಂಚಿಗೆ 0.08 ಮಿ.ಮೀ. ಚಕ್ಕೆ. ಹೆದರಿಕೊಂಡು ಫೀಡ್ (ಬಿಟ್ ಮುಂದೆ ಸಾಗುವ ವೇಗ) ಮಾತ್ರ ಇಳಿಸಿದರೆ ಬಿಟ್ ಕತ್ತರಿಸುವುದಿಲ್ಲ, ಉಜ್ಜುತ್ತದೆ, ಕಾಯುತ್ತದೆ. ಕೊಲೆಟ್ (ಬಿಟ್ ಅನ್ನು ಬಿಗಿ ಹಿಡಿಯುವ ಬಳೆ) ಹಳೆಯದಾಗಿದ್ದರೆ ಬಿಟ್ ಅಲುಗಾಡುತ್ತದೆ. ಆ ಅಲುಗಾಟ ಡಯಲ್ ಗೇಜ್‌ನಲ್ಲಿ 0.03 ಮಿ.ಮೀ. ದಾಟಿದರೆ ಬೈದಾಡದೆ ಕೊಲೆಟ್ ಬದಲಿಸಿ.

ಮುಖದ ಫಿನಿಶಿಂಗ್ ಮುಗಿಯುವವರೆಗೂ ಒಂದೇ ಬಿಟ್. ಮಧ್ಯೆ ಬದಲಿಸಿದರೆ ಝಡ್ ಸೊನ್ನೆಯಲ್ಲಿ (ಆಳದ ಲೆಕ್ಕ ಶುರುವಾಗುವ ಮಟ್ಟದಲ್ಲಿ) 0.05 ವ್ಯತ್ಯಾಸ ಬಂದರೂ ಕೆನ್ನೆಯ ಮೇಲೆ ಗೆರೆ ಬೀಳುತ್ತದೆ. ಆದರೂ ಮುರಿದರೆ ಬೇಕಾಗುತ್ತದೆ ಎಂದು ಹಲಗೆಯ ಒಂದು ಮೂಲೆಯನ್ನು ಕೆತ್ತದೆ ಸಪಾಟಾಗಿ ಉಳಿಸಿ, ಸೊನ್ನೆಯನ್ನು ಯಾವಾಗಲೂ ಅಲ್ಲೇ ತೆಗೆಯುತ್ತೇನೆ.

ಕೆನ್ನೆಯ ಮೇಲೆ ಭೂಪಟದ ಗೆರೆಗಳಂತೆ ಮೆಟ್ಟಿಲು ಬಂದರೆ ಬಿಟ್ ಅನ್ನು ದೂರಬೇಡಿ. ಬಿಳಿ ಕಪ್ಪಿನ ಛಾಯೆಯನ್ನೇ ಆಳವಾಗಿ ಓದುವ 8 ಬಿಟ್ (ಇದು ಕಂಪ್ಯೂಟರ್ ಲೆಕ್ಕದ ಬಿಟ್) ಗ್ರೇಸ್ಕೇಲ್ ಚಿತ್ರದಲ್ಲಿ ಇರುವುದು 256 ಮಟ್ಟ ಮಾತ್ರ; 10 ಮಿ.ಮೀ. ಆಳಕ್ಕೆ ಒಂದು ಮೆಟ್ಟಿಲು 0.04 ಆಗುತ್ತದೆ. 16 ಬಿಟ್ ಫೈಲ್ ಅಥವಾ ಎಸ್‌ಟಿಎಲ್ (ಮೂರು ಆಯಾಮದ ಮಾಡೆಲ್‌ನ ಫೈಲ್) ಕೇಳಿ ಪಡೆಯಿರಿ.

ಗೆರೆಗಳಲ್ಲೇ ಮುಖ ಮೂಡಿಸುವ ವಿ-ಬಿಟ್ (ವಿ ಆಕಾರದ ಚೂಪು ತುದಿಯ ಬಿಟ್) ಕೆಲಸಕ್ಕೆ 60 ಡಿಗ್ರಿಯದೇ ಒಳ್ಳೆಯದು. 90 ಡಿಗ್ರಿಯಲ್ಲಿ ಆಳದ ಎರಡರಷ್ಟು ಅಗಲ ಬರುತ್ತದೆ; ಹಲಗೆ 0.3 ಮಿ.ಮೀ. ಬಾಗಿದ್ದರೆ ಗೆರೆ 0.6 ಹೆಚ್ಚುಕಡಿಮೆಯಾಗಿ ಒಂದು ಕೆನ್ನೆ ಊದಿಕೊಂಡಂತೆ ಕಾಣುತ್ತದೆ. 60ರಲ್ಲಿ ಅದೇ ತಪ್ಪು 0.35ಕ್ಕೆ ನಿಲ್ಲುತ್ತದೆ. ಹೇಗಿದ್ದರೂ ಸರ್ಫೇಸಿಂಗ್ ಬಿಟ್‌ನಲ್ಲಿ ಹಲಗೆಯ ಮೇಲ್ಮೈ ಸಮ ಮಾಡಿಕೊಂಡು, ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಹಾಕಿ, ಆಮೇಲೆ ಕಪ್ಪು ಬಣ್ಣ. ಸೀಲರ್ ಇಲ್ಲದಿದ್ದರೆ ಬಣ್ಣ ಎಳೆಯೊಳಗೆ ಹರಿದು ಕೆತ್ತಿದ ಅಂಚು ಮಸುಕಾಗುತ್ತದೆ.

ಮೆಷಿನ್‌ನಿಂದ ಇಳಿಸಿದ ಮೇಲೆ 220ರ ಉಪ್ಪುಕಾಗದ, ಅದೂ ಕೆನ್ನೆ ಹಣೆಗಳಿಗೆ ಮಾತ್ರ; ಕಣ್ಣು ತುಟಿಗಳಿಗೆ ನೈಲಾನ್ ಬ್ರಷ್ ಸಾಕು. ಬೀಟೆ, ತೇಗದ ಧೂಳು ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು, ಎನ್95 ಮಾಸ್ಕ್ ಹಾಕಿಕೊಂಡೇ ಉಜ್ಜಿ. ಹೊಳಪಿನ ಪಾಲಿಶ್ ಬೇಡ, ಹೊಳಪು ನೆರಳನ್ನು ನುಂಗುತ್ತದೆ. ಮ್ಯಾಟ್ ಲ್ಯಾಕರ್ ಎರಡು ಕೋಟ್. ಮುಂದೆ ಹಾಕಿದ ದಿನವೇ ಹಿಂದೆಯೂ ಸೀಲರ್ ಹಾಕಬೇಕು. ಕೆತ್ತಿದ ಪಕ್ಕ ತೆಳುವಾಗಿರುತ್ತದೆ, ಹಿಂಭಾಗ ಬರಿದಾಗಿ ಬಿಟ್ಟರೆ ಅಲ್ಲಿಂದ ತೇವ ಹೀರಿ ಜೂನ್ ಮಳೆಗೇ ಹಲಗೆ ಮುಂದಕ್ಕೆ ಬಾಗಿ ಚೌಕಟ್ಟಿನ ಮೂಲೆ ಬಿಡುತ್ತದೆ.