ಜಗಲಿಗೆ ಬಂದ ಪತಂಗ ಅಪರೂಪದ್ದೇ? ಗುರುತಿಸಿ ದಾಖಲಿಸುವುದು ಹೀಗೆ

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕೊಡಗಿನ ಯಾವುದೋ ಒಂದು ಮನೆಯ ಗೋಡೆಗೆ ಅಂಗೈಗಿಂತ ದೊಡ್ಡ ಪತಂಗವೊಂದು ಬಂದು ಕೂರುತ್ತದೆ. ಇಟ್ಟಿಗೆ ಬಣ್ಣದ ರೆಕ್ಕೆ. ರೆಕ್ಕೆಯ ತುದಿ ಹಾವಿನ ತಲೆಯಂತೆ. ಮಾರನೇ ದಿನ ಬೆಳಗಾಗುವುದರೊಳಗೆ ಅದರ ಫೋಟೊ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡುತ್ತದೆ, 'ಅಪರೂಪದ ಚಿಟ್ಟೆ' ಎಂಬ ಸಾಲಿನ ಜೊತೆ.

ಅದು ಚಿಟ್ಟೆಯಲ್ಲ, ಪತಂಗ. ಅಟ್ಲಾಸ್ ಪತಂಗಗಳ ಗುಂಪಿನದ್ದು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರುವ ಜಾತಿಯ ಹೆಸರು ಅಟ್ಟಾಕಸ್ ಟಪ್ರೊಬಾನಿಸ್. ರೆಕ್ಕೆ ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ, ತಿನ್ನಲು ಬಾಯಿಯೇ ಬೆಳೆದಿರುವುದಿಲ್ಲ. ಹುಳುವಾಗಿದ್ದಾಗ ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಕಡಿಮೆ ಎಂದ ಮಾತ್ರಕ್ಕೆ ಅದು ಅಪರೂಪ ಅಂತಲ್ಲ. ಅದೇ ಗೋಡೆಯ ಮೂಲೆಯಲ್ಲಿ ಉಗುರಿನಷ್ಟು ದೊಡ್ಡದಾದ ಒಂದು ಕಂದು ಪತಂಗ ಕೂತಿರುತ್ತದಲ್ವಾ? ಅದನ್ನು ಯಾರೂ ನೋಡಿರುವುದಿಲ್ಲ. ಕೊಡಗಿನಲ್ಲಿ ಇದುವರೆಗೆ ಯಾರೂ ಬರೆದಿಡದ ಜಾತಿ ಅದೇ ಆಗಿರಬಹುದು.

ನಮ್ಮ ದೇಶದಲ್ಲಿ ಚಿಟ್ಟೆಗಳು ಸುಮಾರು 1,300 ಜಾತಿಯಿದ್ದರೆ ಪತಂಗಗಳು 10,000ಕ್ಕೂ ಜಾಸ್ತಿ. ನೋಡುವವರು ಮಾತ್ರ ತೀರಾ ಕಡಿಮೆ. ಹಾಗಾಗಿ ಅಪರೂಪದ್ದನ್ನು ಹುಡುಕುವ ಮೊದಲು ಮಾಮೂಲಿಯದ್ದನ್ನು ಬರೆದಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಊರಿನಲ್ಲಿ ದಿನಾ ಬರುವುದು ಯಾವುದು ಎಂದೇ ಗೊತ್ತಿಲ್ಲದಿದ್ದರೆ, ಎಂದೋ ಒಮ್ಮೆ ಬಂದದ್ದು ಯಾವುದು ಎಂದು ಹೇಗೆ ಹೇಳುವುದು?

ಮೊದಲು, ರಾತ್ರಿ ಆರಿಸಿಕೊಳ್ಳಿ

ಅಮಾವಾಸ್ಯೆಯ ಆಸುಪಾಸಿನ ದಿನಗಳು ಒಳ್ಳೆಯವು. ಬೆಳದಿಂಗಳಿದ್ದರೆ ದೀಪಕ್ಕೆ ಬರುವ ಪತಂಗಗಳು ಕಡಿಮೆ. ಮೋಡ ಕವಿದ, ಗಾಳಿಯಿಲ್ಲದ, ಸ್ವಲ್ಪ ಸೆಕೆ ಇರುವ ರಾತ್ರಿ ಸಿಕ್ಕರೆ ಬಿಡಬೇಡಿ. ಮುಂಗಾರಿಗೆ ಮೊದಲಿನ ಮಳೆ ಬಿದ್ದ ಮೇಲೆ, ಮತ್ತೆ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ ನನಗೆ ಹೆಚ್ಚು ಪತಂಗ ಸಿಕ್ಕಿವೆ. 2012ರಿಂದ ಪ್ರತಿವರ್ಷ ಜುಲೈ ಕೊನೆಯಲ್ಲಿ ಪತಂಗ ಸಪ್ತಾಹ ನಡೆಯುತ್ತಿದೆ. ಅಮೆರಿಕದಲ್ಲಿ ಶುರುವಾದ ಇದರಲ್ಲಿ ಈಗ ಬೇರೆ ಬೇರೆ ದೇಶದವರೂ ಸೇರುತ್ತಾರೆ. ನಮಗೆ ಅದು ಸರಿಯಾಗಿ ಕಕ್ಕಡ ತಿಂಗಳಲ್ಲೇ ಬರುತ್ತದೆ. ಧೋ ಎಂದು ಮಳೆ ಸುರಿಯುತ್ತಿದ್ದರೂ ಚಿಂತೆಯಿಲ್ಲ, ಜಗಲಿಯ ಮಾಡಿನ ಕೆಳಗೇ ಬಟ್ಟೆ ಕಟ್ಟಬಹುದು.

ಆಮೇಲೆ ಬಟ್ಟೆ, ದೀಪ

ಹಳೆಯ ಬಿಳಿ ಪಂಚೆ ಸಾಕು. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಅದನ್ನು ಇಳಿಬಿಡಿ. ಕೆಳಗಿನ ಅಂಚು ನೆಲದ ಮೇಲೆ ಸ್ವಲ್ಪ ಹರಡಿರಲಿ, ಕೆಲವು ಪತಂಗಗಳು ಬಿದ್ದು ಅಲ್ಲೇ ಕೂರುತ್ತವೆ. ಬಟ್ಟೆಯ ಮುಂದೆ ಒಂದು ಬಲ್ಬು. ಪತಂಗಗಳನ್ನು ಹೆಚ್ಚು ಸೆಳೆಯುವುದು ನೇರಳಾತೀತ ಬೆಳಕು. ಅದನ್ನು ಕೊಡುವ ಎಲ್‌ಇಡಿ ದೀಪಗಳು ಪವರ್ ಬ್ಯಾಂಕಿನಲ್ಲೇ ಉರಿಯುತ್ತವೆ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ನಮ್ಮ ಕಡೆಗೆ ಇದೇ ಒಳ್ಳೆಯದು. ಮಳೆಯಲ್ಲಿ ವೈರು ಎಳೆದಾಡುವ ಅಪಾಯವೂ ಇಲ್ಲ. ಆ ದೀಪವನ್ನು ಮಾತ್ರ ನೇರವಾಗಿ ನೋಡಬೇಡಿ, ಕಣ್ಣಿಗೆ ಕೆಟ್ಟದ್ದು. ದೀಪ ಇಲ್ಲದಿದ್ದರೆ ಮನೆಯ ಟ್ಯೂಬ್‌ಲೈಟಿನಿಂದಲೇ ಶುರುಮಾಡಿ.

ದೀಪಕ್ಕೆ ಬಾರದವೂ ಇವೆ. ಕೊಳೆತ ಬಾಳೆಹಣ್ಣಿಗೆ ಬೆಲ್ಲ ಕಲಸಿ, ಸಂಜೆ ಮರದ ಕಾಂಡಕ್ಕೆ ಬಳಿದು ನೋಡಿ. ಕಿತ್ತಳೆ ಬೆಳೆದವರಿಗೆ ಗೊತ್ತಿರುವ, ಹಣ್ಣಿನ ರಸ ಹೀರುವ ಪತಂಗ ಬರಬಹುದು. ಮೇಲಿನ ರೆಕ್ಕೆ ಒಣಗಿದ ಎಲೆಯಂತೆ, ಒಳಗಿನ ರೆಕ್ಕೆ ಅರಿಶಿನ ಕದಡಿದಂತೆ. ಅದರ ಹುಳು ತಿನ್ನುವುದು ಅಮೃತಬಳ್ಳಿಯ ಜಾತಿಯ ಬಳ್ಳಿಗಳನ್ನು.

ಒಂದು ಮಾತು ಕಡ್ಡಾಯ. ರಾತ್ರಿ ಟಾರ್ಚ್ ಹಿಡಿದು ತೋಟದೊಳಗೆ ನಡೆಯಬೇಡಿ. ಆನೆ ಯಾವ ಕಾಫಿ ಗಿಡದ ಮರೆಯಲ್ಲಿದೆಯೋ ಹೇಳಲಾಗದು. ಮನೆಯ ಜಗಲಿ ಅಥವಾ ಕಾಫಿ ಕಣವೇ ಸಾಕು. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿಯಂಥ ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ದೀಪ ಹಚ್ಚುವಂತಿಲ್ಲ.

ಫೋಟೊ: ಇಲ್ಲೇ ನಿಧಾನಿಸಬೇಕು

ಜಾತಿ ಗುರುತಿಸಲು ಚಂದದ ಫೋಟೊ ಬೇಡ, ಉಪಯೋಗಕ್ಕೆ ಬರುವ ಫೋಟೊ ಬೇಕು. ಮೊದಲನೆಯದು ನೇರ ಎದುರಿನಿಂದ, ಎರಡೂ ರೆಕ್ಕೆ ಪೂರ್ತಿ ಕಾಣುವಂತೆ. ಓರೆಯಾಗಿ ತೆಗೆದರೆ ರೆಕ್ಕೆಯ ಗೆರೆಗಳು ಸೊಟ್ಟಗೆ ಕಾಣುತ್ತವೆ, ಗುರುತಿಸುವವರಿಗೆ ಆ ಗೆರೆಗಳೇ ಮುಖ್ಯ. ಎರಡನೆಯದು ಪಕ್ಕದಿಂದ. ಮೂರನೆಯದು ತಲೆಯ ಮೀಸೆಗಳದ್ದು. ಮೀಸೆ ಗರಿಯಂತೆ ಅಗಲವಾಗಿದ್ದರೆ ಹೆಚ್ಚಾಗಿ ಗಂಡು. ಕೊನೆಗೆ, ಪಕ್ಕದಲ್ಲಿ ಮುಟ್ಟದಂತೆ ಒಂದು ಸ್ಕೇಲ್ ಹಿಡಿದು ಇನ್ನೊಂದು ಫೋಟೊ.

ಒಳಗಿನ ರೆಕ್ಕೆ ಒಂದು ಕ್ಷಣ ಕಂಡರೂ ಕ್ಲಿಕ್ ಮಾಡಿ. ಜೇನು ಸಾಕುವವರು ಕಂಡಿರಬಹುದಾದ 'ತಲೆಬುರುಡೆ' ಪತಂಗದ ಉದಾಹರಣೆ ನೋಡಿ. ಬೆನ್ನಿನ ಮೇಲೆ ತಲೆಬುರುಡೆಯಂಥ ಗುರುತು, ಮುಟ್ಟಿದರೆ ಕೀಚ್ ಎನ್ನುತ್ತದೆ, ಜೇನು ಕುಡಿಯಲು ಪೆಟ್ಟಿಗೆಗೇ ನುಗ್ಗುತ್ತದೆ. ನಮ್ಮಲ್ಲಿ ಇದರ ಎರಡು ಜಾತಿಗಳಿವೆ, ಮೇಲಿನಿಂದ ನೋಡಿದರೆ ಅಣ್ಣ ತಮ್ಮಂದಿರ ಹಾಗೆ. ಒಳಗಿನ ರೆಕ್ಕೆಯ ಬುಡದಲ್ಲಿ ದೊಡ್ಡ ಕಪ್ಪು ಮಚ್ಚೆಯಿದ್ದರೆ ಅದು ಲಾಕೆಸಿಸ್. ಹಳದಿಯ ಮೇಲೆ ಕಪ್ಪು ಪಟ್ಟೆಗಳಷ್ಟೇ ಇದ್ದರೆ ಸ್ಟಿಕ್ಸ್.

ರೆಕ್ಕೆ ಹಿಡಿದು ಎತ್ತಬೇಡಿ. ಕೈಗೆ ಅಂಟುವ ಪುಡಿ ರೆಕ್ಕೆಯ ಹುರುಪೆಗಳು, ಬಣ್ಣವೆಲ್ಲ ಇರುವುದು ಅದರಲ್ಲೇ. ಕೆಲವು ಪತಂಗಗಳ ರೋಮ ತಾಗಿದರೆ ಮೈ ತುರಿಕೆಯೂ ಬರುತ್ತದೆ.

ಪುಸ್ತಕದಲ್ಲಿ ಬರೆಯಿರಿ, ಆಗಲೇ

ಕೆಲವು ವರ್ಷಗಳ ಹಿಂದೆ ನಮ್ಮ ಕಣದ ಗೋಡೆಯಲ್ಲಿ ಒಂದು ಪತಂಗ ಸಿಕ್ಕಿತ್ತು. ಎಳೆ ಹಸಿರು, ರೆಕ್ಕೆಯಂಚಿಗೆ ಸುಟ್ಟ ಕಾಗದದ ಬಣ್ಣ. ಫೋಟೊ ತೆಗೆದು ಸ್ನೇಹಿತರಿಗೆ ಕಳಿಸಿದೆ. ಫೋನ್ ಕೆಟ್ಟಾಗ ಮೂಲ ಫೋಟೊ ಹೋಯಿತು. ವಾಟ್ಸ್‌ಆ್ಯಪ್‌ನಲ್ಲಿ ಉಳಿದ ಪ್ರತಿಯಲ್ಲಿ ತೆಗೆದ ದಿನವಾಗಲಿ ಜಾಗವಾಗಲಿ ಇರಲಿಲ್ಲ. ಅದು ಬಂದದ್ದು ಮಳೆಗೆ ಮೊದಲೋ ನಂತರವೋ ಎಂದು ತಿಳಿದವರು ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ಆ ಹಸಿರು ಪತಂಗ ಮತ್ತೆ ನನಗೆ ಕಂಡಿಲ್ಲ. ಇವತ್ತಿಗೂ ಬೇಸರವಿದೆ.

ಅದಕ್ಕೇ ಹೇಳುವುದು, ಆ ಹೊತ್ತಿನಲ್ಲೇ ಬರೆಯಿರಿ. ತಾರೀಕು, ಗಂಟೆ, ಊರು, ಫೋನಿನ ಮ್ಯಾಪ್ ತೋರಿಸುವ ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎಷ್ಟು ಎತ್ತರ, ಯಾವ ದೀಪ, ಮಳೆಯೋ ಮಂಜೋ, ಸುತ್ತ ಕಾಫಿ ತೋಟವೋ ಗದ್ದೆಯೋ ದೇವರಕಾಡೋ. ಬರೀ 'ಕೊಡಗು' ಎಂದು ಬರೆದರೆ ಪ್ರಯೋಜನವಿಲ್ಲ. ಭಾಗಮಂಡಲದ ಮಳೆ ಬೇರೆ, ಕುಶಾಲನಗರದ ಬಿಸಿಲು ಬೇರೆ. ಪತಂಗಗಳೂ ಬೇರೆ ಇರುತ್ತವೆ.

ಹೆಸರು ಹುಡುಕುವುದು

ಮೊದಲು ಕುಟುಂಬ ಯಾವುದೆಂದು ನೋಡಿ. ಜೆಟ್ ವಿಮಾನದಂಥ ಚೂಪು ರೆಕ್ಕೆ, ದಪ್ಪ ಮೈಯಿದ್ದರೆ ಗಿಡುಗ ಪತಂಗಗಳ ಕಡೆ ಹೋಗಿ. ತೆಳ್ಳಗಿನ ಮೈ, ಗೋಡೆಗೆ ಅಂಟಿಸಿದ ಕಾಗದದಂತೆ ಹರಡಿದ ರೆಕ್ಕೆಯಾದರೆ ಜಿಯೊಮೆಟ್ರಿಡೆ. ನೆಲ ಅಳೆಯುವಂತೆ ಬಾಗಿ ಬಾಗಿ ನಡೆಯುವ ಹಸಿರು ಹುಳು ಕಂಡಿದ್ದೀರಲ್ವಾ, ಅದು ಇದರ ಮರಿ. ಬಿಳಿ ರೆಕ್ಕೆಯ ಮೇಲೆ ಕಡುನೀಲಿ ಚುಕ್ಕೆಗಳಿದ್ದರೆ, ಕಾಫಿ ಕಾಂಡ ಕೊರೆಯುವ ಕೆಂಪು ಹುಳುವಿನ ತಾಯಿಯಿರಬಹುದು.

ಆಮೇಲೆ 'ಮಾತ್ಸ್ ಆಫ್ ಇಂಡಿಯಾ' ಜಾಲತಾಣದ ಚಿತ್ರಗಳ ಜೊತೆ ಹೋಲಿಸಿ. 'ಐನ್ಯಾಚುರಲಿಸ್ಟ್' ಜಾಲತಾಣಕ್ಕೆ ಮೂಲ ಫೋಟೊ ಹಾಕಿದರೆ ಅದೇ ಒಂದು ಹೆಸರು ಸೂಚಿಸುತ್ತದೆ. ಆ ಹೆಸರನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಗಂಡು ಹೆಣ್ಣು ಬೇರೆ ಬಣ್ಣ ಇರುತ್ತವೆ, ಹಳೆಯದಾದ ಪತಂಗದ ಬಣ್ಣ ಮಾಸಿರುತ್ತದೆ. ಕೆಲವನ್ನಂತೂ ತಜ್ಞರು ಸೂಕ್ಷ್ಮದರ್ಶಕದಲ್ಲಿ ಜನನಾಂಗ ನೋಡಿಯೇ ಬೇರೆ ಮಾಡಬೇಕು. ಅಂಥವನ್ನು ಕುಲದ, ಅಂದರೆ ಹತ್ತಿರದ ಜಾತಿಗಳ ಗುಂಪಿನ, ಹೆಸರಿಗೇ ನಿಲ್ಲಿಸಿ. ತಪ್ಪು ಜಾತಿಯ ಹೆಸರಿಗಿಂತ ಸರಿಯಾದ ಕುಲದ ಹೆಸರು ಮೇಲು.

ನಿಜಕ್ಕೂ ಹೊಸದು ಅನ್ನಿಸಿತೇ? ಆ ಜಾತಿ ಹಿಂದೆ ಎಲ್ಲೆಲ್ಲಿ, ಯಾವ ತಿಂಗಳಲ್ಲಿ ಕಂಡಿದೆ ಎಂದು ಐನ್ಯಾಚುರಲಿಸ್ಟ್ ಮ್ಯಾಪಿನಲ್ಲಿ ನೋಡಿ. ಪೊನ್ನಂಪೇಟೆಯ ಅರಣ್ಯ ಕಾಲೇಜಿನವರನ್ನೋ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರನ್ನೋ ಕೇಳಿ. ಪತ್ರಿಕೆಗೆ ಸುದ್ದಿ ಕೊಡುವುದು ಅದಾದ ಮೇಲೆ. ಪತಂಗವನ್ನು ಕೊಂದು ಪಿನ್ ಚುಚ್ಚುವುದು ಬೇಡ. ತಾನಾಗಿ ಸತ್ತದ್ದು ಜಗಲಿಯಲ್ಲಿ ಸಿಕ್ಕರೆ ಕಾಗದದಲ್ಲಿ ಮಡಚಿ, ಮೇಲೆ ತಾರೀಕು ಊರು ಬರೆದು ಒಣ ಡಬ್ಬಿಯಲ್ಲಿಡಿ.

ಬೆಳಕು ಹರಿಯುವ ಮೊದಲೇ ದೀಪ ಆರಿಸಿ ಬಟ್ಟೆಯನ್ನು ಮೆಲ್ಲಗೆ ಗಿಡಗಳ ಮೇಲೆ ಕೊಡವಿ. ತಡಮಾಡಿದರೆ ಹಕ್ಕಿಗಳು ಒಂದೊಂದಾಗಿ ಹೆಕ್ಕಿ ತಿನ್ನುತ್ತವೆ. ಮುಂದಿನ ಅಮಾವಾಸ್ಯೆಗೆ ಅದೇ ಜಾಗದಲ್ಲಿ, ಅದೇ ದೀಪ, ಅದೇ ಪಂಚೆ. ಒಂದೂ ಬಾರದ ರಾತ್ರಿಯನ್ನೂ ಪುಸ್ತಕದಲ್ಲಿ ಬರೆಯಿರಿ: ತಾರೀಕು, ಏಳರಿಂದ ಹತ್ತು ಗಂಟೆ, ಗಾಳಿ ಜಾಸ್ತಿ, ಪತಂಗ ಇಲ್ಲ.